ಬೂದಿಯ ಮೇಲಿನ ಹೆಜ್ಜೆ

ವರ್ಬಾ ದೋಲ್
1 ಮಾರ್ಚ್ 1998

ಮಗಳೇ ನೆವೆನಾ,

ಕಾಗದದ ಮಡಿಕೆಯಲ್ಲಿ ಕೆಂಪು-ಬಿಳಿ ನೂಲಿನ ಮಾರ್ತೆನಿತ್ಸಾ ಇಟ್ಟಿದ್ದೇನೆ, ಬೀಳಿಸಿಬಿಡಬೇಡ. ನಾನೇ ಹೊಸೆದದ್ದು. ಮಣಿಕಟ್ಟಿಗೆ ಕಟ್ಟಿಕೊ. ಮೊದಲ ಕೊಕ್ಕರೆ ಕಂಡ ದಿನ ಬಿಚ್ಚಿ ಯಾವುದಾದರೂ ಹಣ್ಣಿನ ಮರಕ್ಕೆ ಕಟ್ಟು. ನಿಮ್ಮ ಇಟಲಿಯಲ್ಲಿ ಕೊಕ್ಕರೆ ಬರುತ್ತವೋ ಇಲ್ಲವೋ, ನೀನು ನೋಡಿಕೊಳ್ಳುವ ಆ ಮುದುಕಿಯನ್ನೇ ಕೇಳು.

ಚಪ್ಪಲಿ ಬಂತು. ಬಸ್ಸಿನ ಡ್ರೈವರ್ ಮನೆಯವರೆಗೂ ತಂದುಕೊಟ್ಟು, ಒಂದು ಲೋಟ ರಾಕಿಯಾ ಕುಡಿದು, ನಿನ್ನನ್ನು ಹೊಗಳಿ ಹೋದ. ಎಡಗಾಲಿಗೆ ಅಗಲವಾದದ್ದನ್ನೇ ಹುಡುಕಿದ್ದೀಯ. ಬೀಟ್‌ ಗೆಡ್ಡೆಯ ಗಾಡಿ ಕಾಲ ಮೇಲೆ ಹರಿದಂದಿನಿಂದ ನನ್ನ ಎರಡನೇ ಬೆರಳು ಹೆಬ್ಬೆರಳಿನ ಮೇಲೆ ಕುಳಿತೇ ಇದೆ, ಇಳಿಯುವ ಮಾತೇ ಇಲ್ಲ. ಚಿಕ್ಕವರಿದ್ದಾಗ ನೀವಿಬ್ಬರೂ ಅದಕ್ಕೆ 'ಕುದುರೆ ಸವಾರ' ಎಂದು ಹೆಸರಿಟ್ಟು ಹಾಸಿಗೆಯಲ್ಲಿ ಎಳೆದಾಡುತ್ತಿದ್ದಿರಿ. ಈಗ ಸವಾರನಿಗೆ ಇಟಲಿಯ ಲಾಯ ಸಿಕ್ಕಿದೆ.

ನಿನ್ನ ತಮ್ಮನ ಸುದ್ದಿ ಹೇಳಬೇಕು. ಪಂಪಿನ ಕಾರ್ಖಾನೆ ಮುಚ್ಚಿದಾಗಿನಿಂದ ಲ್ಯುಬೆನ್ ಕಿಟಕಿಯ ಹತ್ತಿರ ಕೂತು ಸಿಗರೇಟು ಸೇದುವುದೊಂದೇ ಕೆಲಸ ಮಾಡಿಕೊಂಡಿದ್ದ. ಈಗ ಪರ್ವಾನ್ ಜೊತೆ ಸೇರಿದ್ದಾನೆ. ನೆನಪಿದೆಯಲ್ಲ, ಸಹಕಾರಿ ಜಮೀನಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಪರ್ವಾನ್? ಅವನ ಹತ್ತಿರ ಈಗ ಜರ್ಮನಿಯ ಯಂತ್ರವಿದೆ. ನೆಲದೊಳಗೆ ಲೋಹ ಇದ್ದರೆ ಅದು ಕುಯ್ಯೋ ಎನ್ನುತ್ತದೆ. ಊರಿನ ಅರ್ಧ ಗಂಡಸರು ಅದರ ಹಿಂದೆ ಓಡಾಡುತ್ತಿದ್ದಾರೆ, ಬ್ಯಾಂಡಿನ ಹಿಂದೆ ಹುಡುಗರು ಓಡಿದ ಹಾಗೆ. ರೋಮನ್ ದಂಡು ಬೀಡುಬಿಟ್ಟಿದ್ದ ಜಾಗ ಹುಡುಕುತ್ತಾರಂತೆ.

ಮೊನ್ನೆ ಊಟಕ್ಕೆ ಕೂತಾಗ ನನಗೇ ಪಾಠ ಶುರುಮಾಡಿದ. "ಅಮ್ಮ, ದಂಡು ಎಲ್ಲಂದ್ರಲ್ಲಿ ಇಳಿಯಲ್ಲ. ನೀರು ಹತ್ರ ಇರ್ಬೇಕು, ಆದ್ರೆ ನೆರೆ ಹತ್ತಬಾರ್ದು. ನೆಲ ಸಮ ಇರ್ಬೇಕು. ದುನಾವ್ ನದಿಯ ಆಚೆ ದಡ ಕಾಣ್ತಿರ್ಬೇಕು."

"ಹಾಗಿದ್ರೆ ನಮ್ಮ ಬೀಟ್ ಹೊಲವೇ ಆಯ್ತಲ್ಲೋ," ಅಂದೆ, ತಮಾಷೆಗೆ.

ಆಮೇಲೆ ನನಗೇ ನೆನಪಾಯಿತು. ಆ ಹೊಲದಲ್ಲಿ ಮಂಡಿಯೂರಿ ಸಸಿ ಕೀಳುತ್ತಾ ನಾನು ಮುದುಕಿಯಾದೆ. ಒಂದು ಕಡೆ ಗೆಡ್ಡೆ ಮೂಲಂಗಿಯಷ್ಟೇ ಆಗುತ್ತಿತ್ತು, ಅದೂ ದಾರ ಹಿಡಿದ ಹಾಗೆ ನೆಟ್ಟಗಿನ ಸಾಲು, ಹೋಗಿ ತಿರುಗುತ್ತಿತ್ತು. ಗೊಬ್ಬರ ಕದ್ದಿದ್ದೀರಿ ಎಂದು ಮೇಸ್ತ್ರಿ ನಮ್ಮನ್ನು ಬಯ್ಯುತ್ತಿದ್ದ. ಇದನ್ನು ಹೇಳಿದೆ.

ಲ್ಯುಬೆನ್ ಚಮಚ ಕೆಳಗಿಟ್ಟ. "ತಿರುಗೋ ಕಡೆ ಮೂಲೆ ಚೂಪಾಗಿತ್ತಾ, ದುಂಡಗಿತ್ತಾ?"

"ದುಂಡಗೆ. ಇಸ್ಪೀಟ್ ಎಲೆ ಇರುತ್ತಲ್ಲ, ಹಾಗೆ."

ಎದ್ದು ಬಂದು ನನ್ನ ಹಣೆಗೆ ಮುತ್ತಿಟ್ಟ. ರೋಮನ್ನರ ಪಾಳೆಯದ ಮೂಲೆ ದುಂಡಗೇ ಇರುತ್ತದಂತೆ. ಸೂಪನ್ನು ಎರಡನೇ ಸಲ ಹಾಕಿಸಿಕೊಂಡ. ಅವನು ಹಾಗೆ ತಿಂದದ್ದನ್ನು ನೋಡಿ ಎಷ್ಟು ಕಾಲವಾಗಿತ್ತು. ಹೇಳಿದ್ದು ಒಳ್ಳೆಯದೇ ಆಯಿತು ಎಂದುಕೊಂಡೆ.

ಬೆಚ್ಚಗಿರು.

ನಿನ್ನ ಅಮ್ಮ,
ವೆಲಿಕಾ

*

ಬಾರಿ
22 ಮಾರ್ಚ್ 1998

ಅಮ್ಮ,

ಮಾರ್ತೆನಿತ್ಸಾ ಕಟ್ಟಿಕೊಂಡಿದ್ದೇನೆ. ನಾನು ನೋಡಿಕೊಳ್ಳುವ ಅಜ್ಜಿ ಅದನ್ನು ನೋಡಿ ಯಾರಿಗೆ ಗಾಯವಾಯಿತು ಎಂದು ಅತ್ತಳು. ಅವಳಿಗೆ ನಾನು ಬೆಳಗ್ಗೆ ನೆವೆನಾ, ಮಧ್ಯಾಹ್ನ ಅವಳ ಸತ್ತ ತಂಗಿ. ಕೊಕ್ಕರೆ ಇಲ್ಲಿಲ್ಲ, ಸಮುದ್ರದ ಹಕ್ಕಿಗಳಿವೆ. ಅವು ಬೆಕ್ಕಿನ ಹಾಗೆ ಕೂಗುತ್ತವೆ.

ನಿನಗೆ ಬೇರೆ ಮಾತೇ ಸಿಗಲಿಲ್ಲವೇ? ಸುಮ್ಮನೆ ಸೂಪು ಬಡಿಸುವುದು ಬಿಟ್ಟು ಹೊಲ ತೋರಿಸಿದ್ದೀಯ! ಇನ್ನು ಅವನನ್ನು ಅಲ್ಲಿಂದ ಎಬ್ಬಿಸುವವರು ಯಾರು? ದಂಡಿನವರ ಬೀಡಿನಲ್ಲಿ ಏನಿರುತ್ತೆ ಅಮ್ಮ? ಅಪ್ಪ ಎರಡು ವರ್ಷ ಸೈನ್ಯದಲ್ಲಿದ್ದು ಬಂದಾಗ ತಂದದ್ದು ಒಂದು ಅಲ್ಯೂಮಿನಿಯಂ ಚಮಚ. ಅದೂ ಬೇರೆಯವನದು, ಹಿಂದೆ ಇನ್ನೊಬ್ಬನ ಹೆಸರು ಕೊರೆದಿತ್ತು. ರೋಮನ್ನರು ಮಾತ್ರ ಬಂಗಾರದ ಚಮಚದಲ್ಲಿ ತಿಂದರಾ?

ಲ್ಯುಬೆನ್‌ಗೆ ಓದಿ ಹೇಳು. ಇಲ್ಲಿ ಹೆಂಚು-ಕಲ್ಲು ಕೂರಿಸುವ ನಮ್ಮ ಕಡೆಯವನೊಬ್ಬನಿದ್ದಾನೆ, ವಿದಿನ್ ಊರಿನವನು. ಕೈಕೆಲಸಕ್ಕೆ ಒಬ್ಬ ಬೇಕಂತೆ, ಮಲಗಲು ಜಾಗವನ್ನೂ ಕೊಡುತ್ತಾನೆ. ಜೂನ್ ಮೊದಲ ವಾರದ ಬಸ್ಸಿಗೆ ಬಂದುಬಿಡಲಿ. ನಾನು ಅವನಿಗಾಗಿ ಜಾಗ ಹಿಡಿದಿಟ್ಟಿದ್ದೇನೆ. ನನಗೆ ಇಲ್ಲಿ ಮಾತಾಡಲು ಯಾರೂ ಇಲ್ಲ ಅಮ್ಮ, ಅದನ್ನೂ ಹೇಳು. ಬೇಡ, ಅದನ್ನು ಹೇಳಬೇಡ.

ನಿನ್ನ ಮಗಳು,
ನೆವೆನಾ

*

ವರ್ಬಾ ದೋಲ್
26 ಮೇ 1998

ನೆವೆನಾ,

ನಿನ್ನ ಕಾಗದವನ್ನು ಲ್ಯುಬೆನ್‌ಗೆ ಓದಿ ಹೇಳಿದೆ, ಒಂದಲ್ಲ ಮೂರು ಸಲ. ಚಮಚದ ಮಾತಿಗೆ ಬಿದ್ದು ಬಿದ್ದು ನಕ್ಕ. ಬಸ್ಸಿನ ಮಾತಿಗೆ ಎದ್ದು ಹೊರಗೆ ಹೋದ.

ಈ ವರ್ಷ ಆ ಹೊಲಕ್ಕೆ ಗೋಧಿ ಹಾಕಿದ್ದಾರೆ. ಸಂತ ಗೆಯೋರ್ಗಿಯ ಹಬ್ಬ ಕಳೆದ ಮೇಲೆ ಒಂದು ಸಂಜೆ ಲ್ಯುಬೆನ್ ನನ್ನ ಕೈ ಹಿಡಿದು ಕೊಕ್ಕರೆ ಗುಡ್ಡ ಹತ್ತಿಸಿದ. "ಸೂರ್ಯ ಇಳೀಲಿ ಅಮ್ಮ, ನೆರಳು ಬಿದ್ದಾಗ ನೋಡು," ಅಂದ. ನೋಡಿದೆ. ಹಸಿರು ಗೋಧಿಯ ನಡುವೆ ತಗ್ಗಾದ, ಹಳದಿಗೆ ತಿರುಗಿದ ಗೆರೆಗಳು. ಕೆಳಗೆ ಗೋಡೆಯ ಕಲ್ಲಿರುವ ಕಡೆ ಬೇರಿಗೆ ನೀರು ಸಿಗದೆ ಪೈರು ಕುಳ್ಳಾಗುತ್ತದೆ. ನಾಲ್ಕು ದುಂಡು ಮೂಲೆ, ನಾಲ್ಕು ಬಾಗಿಲು, ಒಳಗೆ ಅಡ್ಡಡ್ಡ ಓಣಿಗಳು. ಇಡೀ ಪಾಳೆಯ ಬಟ್ಟೆಯ ಮೇಲೆ ಕಸೂತಿ ಹಾಕಿದ ಹಾಗೆ ಮಲಗಿತ್ತು. ನಾನು ಅಷ್ಟು ವರ್ಷ ಅದರ ಮೇಲೆ ಮಂಡಿಯೂರಿ ಹರಿದಾಡಿದ್ದೆ, ಒಂದು ಸಲವೂ ತಲೆಯೆತ್ತಿ ಗುಡ್ಡ ಹತ್ತಲಿಲ್ಲ. ನಿಜ ಹೇಳುತ್ತೇನೆ, ಚೆಂದ ಕಂಡಿತು. ಲ್ಯುಬೆನ್ ಕಣ್ಣಲ್ಲಿ ನೀರಿತ್ತು.

ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ಮೂಲೆಯಿಂದ ಮೂಲೆಗೆ ದಾರ ಎಳೆದು ನಡು ಎಲ್ಲಿದೆ ಎಂದು ಗುರುತುಮಾಡಿದ್ದಾರೆ. ನಡುವಿನಲ್ಲಿ ದಂಡಿನ ಧ್ವಜ ಇಡುವ ಕೋಣೆಯಂತೆ, ಅದರ ಕೆಳಗೆ ಸಿಪಾಯಿಗಳ ಸಂಬಳದ ಪೆಟ್ಟಿಗೆಯಂತೆ. ಈವರೆಗೆ ಸಿಕ್ಕಿದ್ದು ಕುದುರೆಯ ಕಡಿವಾಣ, ಹೆಂಚಿನ ಚೂರು, ಬೂಟಿನ ಮೊಳೆ. ಬೆಟ್ಟ ಅಗೆದು ಇಲಿ ಹಿಡಿದರು ಅಂತಾರಲ್ಲ, ಇವರಿಗೆ ಇಲಿಯ ಬಾಲವೂ ಸಿಕ್ಕಿಲ್ಲ. ಆದರೂ ಪರ್ವಾನ್ ಬಾಯಿ ಮುಚ್ಚುವುದಿಲ್ಲ. "ಅದು ಬರೀ ಸಿಪ್ಪೆ ವೆಲಿಕಕ್ಕ. ತಿರುಳು ಕೆಳಗಿದೆ," ಅನ್ನುತ್ತಾನೆ.

ಗೋಧಿಯ ನಡುವೆ ಬಾವಿಯಷ್ಟು ಆಳ ತೋಡಿದ್ದಾರೆ, ಹೊರಗಿನಿಂದ ಕಾಣದಂತೆ. ನಮ್ಮ ಕಡೆಯ ಮಣ್ಣು ನಿನಗೆ ಗೊತ್ತು. ಒಣಗಿದ್ದಾಗ ಗೋಡೆಯ ಹಾಗೆ ನಿಲ್ಲುತ್ತದೆ, ಒಂದು ಮಳೆ ಬಿದ್ದರೆ ಹಿಟ್ಟು. ನಿನ್ನಪ್ಪ ನೆಲಮಾಳಿಗೆ ತೋಡಿಸುವಾಗ ಎಷ್ಟು ಹೆದರಿದ್ದ! ಕೊಟ್ಟಿಗೆಯ ಹಲಗೆಗಳು ಒಂದೊಂದಾಗಿ ಮಾಯವಾಗುತ್ತಿವೆ, ಗುಂಡಿಯ ಗೋಡೆಗೆ ಆನಿಸಲು. ನಾನು ನೋಡಿಯೂ ನೋಡದ ಹಾಗಿದ್ದೇನೆ. ಇನ್ನೂ ನಾಲ್ಕು ಹಲಗೆ ಒಯ್ಯಲಿ ಎಂದೇ ಅನ್ನಿಸುತ್ತದೆ.

"ಬಸ್ಸು?" ಅಂತ ಕೇಳಿದೆ.

"ಕೊಯ್ಲಾಗ್ಲಿ ಅಮ್ಮ," ಅಂದ.

ಅಮ್ಮ

*

ಬಾರಿ
14 ಜೂನ್ 1998

ಅಮ್ಮ,

ಬಸ್ಸು ಬಂತು. ನಿಲ್ದಾಣದಲ್ಲಿ ಕೊನೆಯವರು ಇಳಿಯುವವರೆಗೂ ನಿಂತಿದ್ದೆ, ಡ್ರೈವರ್ ಬಾಗಿಲು ಹಾಕುವಾಗ ಒಳಗೆ ಇಣುಕಿ ನೋಡಿದೆ. ಹೆಂಚಿನವನು ಬೇರೆ ಹುಡುಗನನ್ನು ಇಟ್ಟುಕೊಂಡ.

ನಿನಗೆ ಒಬ್ಬ ಮಗನನ್ನು ಗುಂಡಿಯಿಂದ ಮೇಲೆ ಎಳೆಯಲು ಆಗುವುದಿಲ್ಲವೇ? ಇಡೀ ಬೀಟ್ ತಂಡವನ್ನು ಬಾಯಲ್ಲೇ ಓಡಿಸುತ್ತಿದ್ದವಳು ನೀನು! ಅಳು, ಬಯ್ಯಿ, ಊಟ ಹಾಕಬೇಡ. ಯಾವುದಕ್ಕೂ ಬಗ್ಗದಿದ್ದರೆ ಹೆದರಿಸು. ಅವರು ದೆವ್ವಕ್ಕೆ ಹೆದರುವ ಜನ, ಪೊಲೀಸರಿಗಲ್ಲ. ಏನಾದರೂ ಮಾಡು ಅಮ್ಮ. ನಾನು ಇಲ್ಲಿಂದ ಅಲ್ಲಾಡುವ ಹಾಗಿಲ್ಲ. ಕಾಗದಪತ್ರವಿಲ್ಲದೆ ಒಂದು ಸಲ ಗಡಿ ದಾಟಿದರೆ ಮತ್ತೆ ಒಳಗೆ ಬಿಡುವುದಿಲ್ಲ.

ನೆವೆನಾ

*

ವರ್ಬಾ ದೋಲ್
6 ಜುಲೈ 1998

ನನ್ನ ಮುದ್ದು ನೆವೆನಾ,

ಕೂತುಕೊಂಡು ಓದು, ನಿಂತು ಓದಿದರೆ ನಗುತ್ತಾ ಬಿದ್ದೀಯ. ನಿನ್ನ ಅಮ್ಮ ಇಡೀ ಗುಂಪಿಗೆ ಚಳ್ಳೆಹಣ್ಣು ತಿನ್ನಿಸಿದ್ದಾಳೆ.

ಹೋದ ವಾರ ಗುಂಡಿಯಲ್ಲಿ ಒಂದು ಚಪ್ಪಡಿ ಸಿಕ್ಕಿತು. ಅದರ ಕೆಳಗೆ ಕೈ ಹಾಕುವ ಮೊದಲು ಜಾಗದ ಯಜಮಾನನನ್ನು ಕೇಳಬೇಕು ಎಂದು ಪರ್ವಾನ್ ಪಟ್ಟುಹಿಡಿದ. ಹೂತಿಟ್ಟದ್ದನ್ನೆಲ್ಲ ಒಂದು ಕಾವಲುಪಿಶಾಚಿ ಕಾಯುತ್ತದಲ್ಲ, ಅದೇ ಯಜಮಾನ. ನಿನ್ನಜ್ಜಿ ಹೇಳುತ್ತಿದ್ದಳು, ನೆನಪಿದೆಯೇ? ಸಂಜೆ ಒಲೆಯ ಬೂದಿಯನ್ನು ಜರಡಿ ಹಿಡಿದು ಗುಂಡಿಯ ಬಾಯಿಯ ಸುತ್ತ ಹರಡಿ, ತಿರುಗಿ ನೋಡದೆ ಮನೆಗೆ ಬರಬೇಕು. ಬೆಳಗ್ಗೆ ಬೂದಿಯ ಮೇಲೆ ಯಾವುದರ ಹೆಜ್ಜೆ ಇದೆಯೋ ಅದನ್ನೇ ಯಜಮಾನ ಬಲಿ ಕೇಳುತ್ತಿದ್ದಾನೆ ಎಂದು ಅರ್ಥ. ಕೋಳಿಯ ಹೆಜ್ಜೆ ಇದ್ದರೆ ಕೋಳಿ, ಕುರಿಯದಾದರೆ ಕುರಿ. ಬೂದಿಯನ್ನು ಎಲ್ಲಿಂದ ಒಯ್ದರು ಗೊತ್ತೇ? ನಮ್ಮ ಒಲೆಯಿಂದ. ಲ್ಯುಬೆನ್ ಡಬ್ಬಿ ಹಿಡಿದು ಬಂದು ನಿಂತ. "ಅಮ್ಮ, ಬೂದಿ ಕೊಡೆ," ಅಂದ, ಸಕ್ಕರೆ ಸಾಲ ಕೇಳಿದ ಹಾಗೆ.

ನಿನ್ನ ಮಾತು ತಲೆಯಲ್ಲಿತ್ತು. ಮುಂಜಾನೆ ಮೇಕೆ ಹೊಡೆದುಕೊಂಡು ಹೋಗುವವಳ ಹಾಗೆ ಹೋದೆ. ಅಲ್ಲಿ ನರಪಿಳ್ಳೆ ಇಲ್ಲ. ಚಪ್ಪಲಿ ಬಿಟ್ಟೆ. ಎಡಗಾಲನ್ನು ಬೂದಿಯ ಮೇಲೆ ಇಟ್ಟು, ಸವಾರನನ್ನು ಬೆರಳಿನಿಂದ ಕೆಳಗೆ ಒತ್ತಿಹಿಡಿದು, ಚೆನ್ನಾಗಿ ಊರಿದೆ. ಒಂದೇ ಹೆಜ್ಜೆ. ಬರುವ ಹೆಜ್ಜೆಯಿಲ್ಲ, ಹೋಗುವ ಹೆಜ್ಜೆಯಿಲ್ಲ. ಹಲಗೆಯ ಮೇಲಿಂದ ಚಾಚಿ ಇಟ್ಟು ಹಾಗೇ ಹಿಂದೆ ಸರಿದೆ. ಮೇಕೆ ನನ್ನನ್ನು ನೋಡಿದ ನೋಟಕ್ಕೆ ನನಗೇ ನಾಚಿಕೆಯಾಯಿತು.

ಮನುಷ್ಯನ ಕಾಲು ನೋಡಿ ಅವರ ಮುಖದ ಬಣ್ಣ ಇಳಿಯಿತಂತೆ. ಪರ್ವಾನ್ ಮೂರು ಸಲ ಶಿಲುಬೆಯ ಗುರುತು ಹಾಕಿಕೊಂಡು ಹಾರೆ ಎಸೆದನಂತೆ. ಮಧ್ಯಾಹ್ನಕ್ಕೆ ಎಲ್ಲರೂ ಅವರವರ ಮನೆಯಲ್ಲಿ! ಲ್ಯುಬೆನ್ ಬಂದು, ಕೈಕಾಲು ತೊಳೆದು, ಬನಿತ್ಸಾ ತಿಂದು ಮಲಗಿದ. ನಾನು ಬಾಗಿಲ ಹಿಂದೆ ನಿಂತು ರುಮಾಲಿನ ತುದಿ ಬಾಯಿಗೆ ತುರುಕಿಕೊಂಡು ನಕ್ಕೆ.

ಇನ್ನು ನಿಧಾನವಾಗಿ ಇಟಲಿಯ ಮಾತು ತೆಗೆಯುತ್ತೇನೆ. ನೀನು ಇನ್ನೊಬ್ಬ ಹೆಂಚಿನವನನ್ನು ನೋಡಿಡು.

ನಿನ್ನ ಪಿಶಾಚಿ ಅಮ್ಮ

*

ವರ್ಬಾ ದೋಲ್
9 ಜುಲೈ 1998

ಅಕ್ಕಾ,

ನಾನು ಕಾಗದ ಬರೆದಿದ್ದೀನಿ ಅಂತ ಗಾಬರಿಯಾಗಬೇಡ, ಎಲ್ಲರೂ ಬದುಕಿದ್ದೇವೆ. ಲಕೋಟೆಯನ್ನೂ ಅಮ್ಮನ ಹತ್ತಿರವೇ ಇಸಕೊಂಡೆ, ನಿನಗೊಂದು ನಗೆಯ ಸುದ್ದಿ ಬರೀಬೇಕು ಅಂತ ಹೇಳಿ. ಏನು ಸುದ್ದಿ ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬೂದಿಯ ಕಥೆಯನ್ನು ಅವಳು ಆಗಲೇ ಬರೆದಿರಬೇಕು. ಈಗ ಅದರ ಉಳಿದರ್ಧ ಕೇಳು. ಆ ದಿನ ಎಲ್ಲರಿಗಿಂತ ಮುಂದೆ ಹೋದವನು ನಾನು. ಬಗ್ಗಿ ನೋಡಿದರೆ ಬೂದಿಯ ಮೇಲೆ ಯಾರು? ಕುದುರೆ ಸವಾರ! ಹೆಬ್ಬೆರಳಿನ ಮೇಲೆ ಜಂಬದಿಂದ ಕೂತಿದ್ದಾನೆ. ಅಮ್ಮ ಒತ್ತಿಹಿಡಿದಿರಬೇಕು, ಕಾಲೆತ್ತುವಾಗ ಪುಣ್ಯಾತ್ಮ ಮತ್ತೆ ಹತ್ತಿಬಿಟ್ಟಿದ್ದಾನೆ. ನಗು ತಡೆಯಲು ನಾಲಿಗೆ ಕಚ್ಚಿಕೊಂಡೆ. ಪರ್ವಾನ್ ಮಾವ ಬರುವಷ್ಟರಲ್ಲಿ ಟೋಪಿ ಬೀಳಿಸಿ, ಎತ್ತಿಕೊಳ್ಳುವ ನೆಪದಲ್ಲಿ ಬೆರಳಿನ ಕಡೆ ಸ್ವಲ್ಪ ಅಳಿಸಿದೆ. ಅಮ್ಮನ ಮರ್ಯಾದೆ ಉಳಿಯಬೇಕಲ್ಲ.

ಹಾಳಾದ್ದು ಏನಾಯಿತು ಅಂದರೆ, ಎರಡು ದಿನ ಹೆದರಿ ಮನೆಯಲ್ಲಿದ್ದ ಪರ್ವಾನ್ ಮಾವ ಮೂರನೇ ದಿನ ಬೇರೆ ಲೆಕ್ಕ ಹಾಕಿದ. "ಕೋಳಿ ಕೇಳೋ ಜಾಗದಲ್ಲಿ ಕೋಳಿಯಷ್ಟೇ ಇರುತ್ತೆ ಕಣ್ರೋ. ಮನುಷ್ಯನ್ನ ಕೇಳ್ತಿದೆ ಅಂದ್ರೆ ಕೆಳಗೆ ಎಷ್ಟಿರ್ಬೇಕು!" ಅಂದ. ಎಲ್ಲರ ಕಣ್ಣೂ ಅಗಲವಾಯಿತು. ಆದರೆ ಗುಂಡಿಗೆ ಇಳಿಯುವವರು ಯಾರು? ಒಬ್ಬನಿಗೆ ಹೆಂಡತಿ ಬಸುರಿ, ಒಬ್ಬನಿಗೆ ಸೊಂಟನೋವು, ಪರ್ವಾನ್ ಮಾವನಿಗೆ ಇದ್ದಕ್ಕಿದ್ದ ಹಾಗೆ ವಯಸ್ಸಾಗಿದೆ. ಕೊನೆಗೆ ನಾನೇ ಅಂದೆ, "ನಾನು ಇಳೀತೀನಿ ಬಿಡಿ. ಆ ಕಾಲು ನಂಗೊತ್ತು." ಎಲ್ಲರೂ ನನ್ನನ್ನು ಸಂತನನ್ನು ನೋಡಿದ ಹಾಗೆ ನೋಡಿದರು ಅಕ್ಕಾ! ಜೀವನದಲ್ಲಿ ಮೊದಲ ಸಲ ನಾನು ಧೈರ್ಯವಂತ ಅನ್ನಿಸಿಕೊಂಡೆ, ಅದೂ ಅಮ್ಮನ ಕಾಲ ದೆಸೆಯಿಂದ.

ನೀನು ಬಯ್ಯುತ್ತೀಯ. ಬಯ್ಯಿ. ಆದರೆ ನೀನು ಯಾರದೋ ಅಜ್ಜಿಯ ಬೆನ್ನು ತೊಳೆಯುತ್ತಿರುವಾಗ ನಾನು ಬಂದು ಯಾರದೋ ಸ್ನಾನದ ಮನೆಗೆ ಕಲ್ಲು ಕೂರಿಸುವುದು ನನಗೆ ಬೇಡ. ನಾನು ನಿನ್ನ ಹತ್ತಿರ ಬರುವುದಲ್ಲ, ನೀನು ಮನೆಗೆ ಬರುವ ಹಾಗಾಗಬೇಕು. ಚಪ್ಪಡಿಯ ಕೆಳಗೆ ಟೊಳ್ಳು ಸದ್ದು ಬರುತ್ತಿದೆ. ಏನೂ ಸಿಗದಿದ್ದರೆ ಸೆಪ್ಟೆಂಬರ್ ಬಸ್ಸಿಗೆ ನಾನೇ ಹತ್ತುತ್ತೇನೆ, ಇದು ಮಾತು.

ಅಮ್ಮನಿಗೆ ಹೇಳಬೇಡ. ನಮ್ಮನ್ನೆಲ್ಲ ಹೆದರಿಸಿದೆ ಅಂತ ಅವಳು ಎಷ್ಟು ಖುಷಿಯಾಗಿದ್ದಾಳೆ ಗೊತ್ತಾ? ಅಡುಗೆ ಮಾಡುವಾಗ ಹಾಡುತ್ತಾಳೆ. ಮೀನು ಹಿಡಿಯಲು ಹೋಗುತ್ತೀನಿ ಅಂತ ಹೇಳಿ ಹೊರಡುತ್ತೇನೆ.

ನಿನ್ನ ಧೈರ್ಯವಂತ ತಮ್ಮ,
ಲ್ಯುಬೆನ್

*

ವರ್ಬಾ ದೋಲ್
27 ಜುಲೈ 1998

ನೆವೆನಾ,

ಜೊತೆಗಿರುವ ಅಚ್ಚಾದ ಹಾಳೆಯನ್ನು ಮೊದಲು ತೆಗೆಯಬೇಡ. ಇದನ್ನು ಓದಿದ ಮೇಲೆ ತೆಗೆ.

ಸಂತ ಇಲಿಯಾನ ಹಬ್ಬದ ಹಿಂದಿನ ದಿನ ಮಳೆ ಬಂತು. ಬೇಸಿಗೆಯ ಮಳೆ, ಬಂದು ಹೋಯಿತು. ಮೀನು ಹಿಡಿಯಲು ಹೋದವನು ಒದ್ದೆಯಾಗುತ್ತಾನಲ್ಲ ಎಂದು ನಾನು ಅವನ ಅಂಗಿಯನ್ನು ಒಲೆಯ ಹತ್ತಿರ ಹಾಕಿದ್ದೆ. ಪರ್ವಾನ್ ಓಡಿಬಂದ. ಅವನ ಮೈಯೆಲ್ಲ ಹಳದಿ ಮಣ್ಣು. ನಾನು ಹೊಲಕ್ಕೆ ಓಡಿದೆ.

ಊರಿನವರೆಲ್ಲ ಅಗೆದರು, ಹೆಂಗಸರೂ ಅಗೆದೆವು. ಹಾರೆ ಹಾಕಲು ಹೆದರಿ ಕೈಯಲ್ಲೇ ಅಗೆದೆವು. ನಮ್ಮ ಕೊಟ್ಟಿಗೆಯ ಹಲಗೆಗಳು ಕಡ್ಡಿಯ ಹಾಗೆ ಮುರಿದಿದ್ದವು. ಮುಖದಲ್ಲಿ ಒಂದು ಗೀರೂ ಇರಲಿಲ್ಲ ಮಗಳೇ. ನಾನೇ ತೊಳೆದೆ. ಮೂಗಿನೊಳಗಿನ, ಕಿವಿಯೊಳಗಿನ ಮಣ್ಣನ್ನೆಲ್ಲ ತೆಗೆದೆ. ಬೆಳಗಾದರೂ ಅದು ಮುಗಿಯಲಿಲ್ಲ.

ನಿನಗೆ ಫೋನು ಮಾಡಿಸಲಿಲ್ಲ. ಸೆಕೆ, ಮಾರನೆಯ ದಿನವೇ ಮಣ್ಣು ಮಾಡಬೇಕಾಗಿತ್ತು. ಬಸ್ಸಿಗೆ ಎರಡು ದಿನ ಬೇಕು. ಹೇಳಿದ್ದರೆ ನೀನು ಎಲ್ಲ ಬಿಟ್ಟು ಹೊರಟುಬಿಡುತ್ತಿದ್ದೆ, ಅವನ ಮುಖವೂ ಸಿಗುತ್ತಿರಲಿಲ್ಲ, ಮತ್ತೆ ಇಟಲಿಯ ಬಾಗಿಲೂ ತೆರೆಯುತ್ತಿರಲಿಲ್ಲ. ಇಬ್ಬರನ್ನೂ ಒಂದೇ ವಾರ ಕಳೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಬೇಕಾದರೆ ಸಾಯುವವರೆಗೂ ನನ್ನನ್ನು ಬಯ್ಯಿ.

ಸಾವಿನ ಸುದ್ದಿಯ ಆ ಹಾಳೆಯನ್ನು ನಮ್ಮ ಗೇಟಿಗೂ ಬಸ್ ನಿಲ್ದಾಣದ ಕಂಬಕ್ಕೂ ಅಂಟಿಸಿದ್ದಾರೆ. ಸೈನ್ಯದಲ್ಲಿದ್ದಾಗಿನ ಫೋಟೋ ಹಾಕಿದ್ದಾರೆ. ಬೇರೆ ಇರಲಿಲ್ಲ.

ಅವನು ಮತ್ತೆ ಯಾಕೆ ಹೋದ? ನಾನು ಹೆದರಿಸಿದ್ದೆನಲ್ಲ.

ಅಮ್ಮ

*

ವರ್ಬಾ ದೋಲ್
30 ಆಗಸ್ಟ್ 1998

ನೆವೆನಾ,

ನಿನ್ನ ಪೊಟ್ಟಣ ಬಂತು. ಕಪ್ಪು ರುಮಾಲು, ಮೇಣದಬತ್ತಿ, ಕಾಫಿ. ಕಾಗದಕ್ಕಾಗಿ ಪೊಟ್ಟಣವನ್ನು ಬುಡಮೇಲು ಮಾಡಿ ಕೊಡವಿದೆ. ಇರಲಿಲ್ಲ.

ನಲವತ್ತನೇ ದಿನ ಮಾಡಿದೆವು. ಗೋಧಿ ಬೇಯಿಸಿ ಸಕ್ಕರೆ ಹಾಕಿ ಹಂಚಿದೆ. ಅದೇ ಹೊಲದ ಗೋಧಿ, ಈ ವರ್ಷ ಊರಲ್ಲಿ ಬೇರೆ ಗೋಧಿ ಎಲ್ಲಿದೆ? ಎಲ್ಲರೂ ಹೋದ ಮೇಲೆ ಪರ್ವಾನ್ ಉಳಿದ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತ. ಒಂದು ಕರವಸ್ತ್ರ ಬಿಚ್ಚಿ ಮೇಜಿನ ಮೇಲಿಟ್ಟ. ಒಳಗೆ ತುಕ್ಕು ಹಿಡಿದ ಪುಟ್ಟ ಮೊಳೆಗಳು.

"ಚಪ್ಪಡಿ ಕೆಳಗೆ ಸಿಕ್ತು ವೆಲಿಕಕ್ಕ. ಒಂದೇ ಬೂಟಿನವು. ಅಂಗಾಲಿನ ಆಕಾರಕ್ಕೇ ಬಿದ್ದಿದ್ವು. ಚರ್ಮ ಎಲ್ಲ ಮಣ್ಣಾಗಿ ಮೊಳೆ ಮಾತ್ರ ಉಳಿದಿತ್ತು. ನಿಮ್ಗೇ ಸೇರ್ಬೇಕು ಅನ್ನಿಸ್ತು."

ಅಂದರೆ ಅವರು ಮತ್ತೆ ಅಗೆದಿದ್ದಾರೆ. ನನ್ನ ಮಗ ಸತ್ತ ಗುಂಡಿಯನ್ನೇ.

"ಇನ್ನೂ ಕೆಳಗೆ ಹೋಗ್ಬೇಕು," ಅಂದ. "ಬಯ್ಬೇಡಿ ಅಕ್ಕ. ನಿಮ್ಮನ್ನ ಕೇಳದೆ ಮಾಡಬಾರ್ದು ಅಂತ ಬಂದೆ. ಜಾಗಕ್ಕೆ ಕೊಡೋದು ಕೊಟ್ಟಾಯ್ತಲ್ಲ. ಈಗ ಬಿಟ್ಟುಬಿಟ್ರೆ ಅವನು ಸುಮ್ಮನೆ ಹೋದ ಹಾಗಾಗುತ್ತೆ."

ಅವನ ಮುಖದಲ್ಲಿ ದುರಾಸೆ ಇರಲಿಲ್ಲ ನೆವೆನಾ, ಅದೇ ನನ್ನನ್ನು ಸುಟ್ಟದ್ದು. ಅವನು ನಿಜವಾಗಿ ಮರ್ಯಾದೆಗೆಂದೇ ಬಂದಿದ್ದ. ನಾನು ಚಪ್ಪಲಿ ಕಳಚಿ ಎಡಗಾಲನ್ನು ಅವನ ಮುಂದೆ ಚಾಚಿದೆ. "ನೋಡೋ. ಯಾವ ಯಜಮಾನನೂ ಬರ್ಲಿಲ್ಲ. ಬೂದಿ ತುಳಿದವಳು ನಾನು, ಮೇಕೆ ಹೊಡ್ಕೊಂಡು ಬಂದು. ನಿಮ್ಮನ್ನ ಓಡ್ಸೋಕೆ."

ಕಾಲನ್ನು ನೋಡಿದ, ನನ್ನನ್ನು ನೋಡಿದ. ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದ, "ನೀವಾಗೇ ಬಂದ್ರಿ ಅಂದ್ಕೊಂಡಿದ್ದೀರಾ ಅಕ್ಕ? ಅದು ಕರೆಸಿಕೊಳ್ತು."

ನಲವತ್ತು ದಿನದಿಂದ ನನಗೂ ಮಧ್ಯೆ ಮಧ್ಯೆ ಹಾಗೇ ಅನ್ನಿಸುತ್ತಿದೆ. ಲ್ಯುಬೆನ್‌ನನ್ನು ಮಲಗಿಸಿದ್ದ ಜಾಗದಲ್ಲಿ ನಾನೂ ಬೂದಿ ಹರಡಿಟ್ಟೆ. ಸತ್ತವರು ನಲವತ್ತು ದಿನ ಮನೆಗೆ ಬಂದು ಹೋಗುತ್ತಾರೆ, ಹೆಜ್ಜೆ ಮೂಡುತ್ತದೆ ಎನ್ನುತ್ತಾರೆ. ಇಂಥದ್ದಕ್ಕೆಲ್ಲ ನಗುತ್ತಿದ್ದವಳು ನಾನು. ಒಂದು ಬೆಳಗ್ಗೆ ಕೋಳಿ ನಡೆದುಹೋಗಿತ್ತು. ಉಳಿದ ದಿನ ಬೂದಿ ಹಾಕಿದ ಹಾಗೇ ಇತ್ತು.

ಪರ್ವಾನ್ ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ. ಹೆಜ್ಜೆ ಕಂಡ ಮೇಲೆ ಯಾರಿಗೂ ಗುಂಡಿಗೆ ಇಳಿಯುವ ಧೈರ್ಯವಿರಲಿಲ್ಲವಂತೆ. ಲ್ಯುಬೆನ್ ತಾನಾಗಿ ಮುಂದೆ ಬಂದನಂತೆ. "ಆ ಕಾಲು ನಂಗೊತ್ತು" ಅಂದನಂತೆ, ನಗುತ್ತಾ. ತನ್ನ ಸಾವಿನ ಗುರುತು ಅವನಿಗೆ ಮೊದಲೇ ಸಿಕ್ಕಿತ್ತು ಎಂದು ಊರೆಲ್ಲ ಮಾತಾಡುತ್ತಿದೆ.

ನೆವೆನಾ, ನಾನು ಬೆರಳನ್ನು ಒತ್ತಿಹಿಡಿದಿದ್ದೆ. ಚೆನ್ನಾಗಿ ಒತ್ತಿಹಿಡಿದಿದ್ದೆ. ಗುರುತು ಸಿಕ್ಕಿರಲಾರದು, ಅಲ್ಲವೇ? ಅವನು ಹಠಕ್ಕೆ ಇಳಿದಿದ್ದರೆ, ಆಸೆಗೆ ಇಳಿದಿದ್ದರೆ, ಮಳೆಯನ್ನೂ ಮಣ್ಣನ್ನೂ ಬಯ್ದುಕೊಂಡು ಹೇಗೋ ಉಳಿದ ದಿನ ತಳ್ಳುತ್ತೇನೆ. ಆದರೆ ನನ್ನ ಕಾಲೆಂದು ಗೊತ್ತಾಗಿ, ಅದಕ್ಕೇ ಭಯವಿಲ್ಲದೆ ಇಳಿದಿದ್ದರೆ? ಎಲ್ಲರೂ ಹೆದರಿ ಹಿಂದೆ ನಿಂತಾಗ ಅವನೊಬ್ಬನನ್ನು ಕೆಳಗೆ ಇಳಿಸಿದವಳು ನಾನೇ ಆಗುತ್ತೇನೆ.

ಅವನು ನಿನಗೆ ಏನಾದರೂ ಬರೆದಿದ್ದನೇ? ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ, ಇದೊಂದಕ್ಕೆ ಉತ್ತರ ಬರೆ.

ಅಮ್ಮ

*

ಬಾರಿ
20 ಸೆಪ್ಟೆಂಬರ್ 1998

ಪ್ರೀತಿಯ ಅಮ್ಮ,

ಇಲ್ಲ ಅಮ್ಮ. ಲ್ಯುಬೆನ್ ನನಗೇನೂ ಬರೆದಿರಲಿಲ್ಲ. ಅವನು ಕಾಗದ ಬರೆಯುವ ಜಾತಿಯವನೇ ಅಲ್ಲ, ನಿನಗೇ ಗೊತ್ತು.

ನಿನ್ನ ಕಾಲೆಂದು ಅವನಿಗೆ ಗೊತ್ತಾಗಿರಲು ಸಾಧ್ಯವೇ ಇಲ್ಲ. ಬೂದಿಯಲ್ಲಿ ಅಷ್ಟು ಸಣ್ಣ ಗುರುತು ಯಾರಿಗೆ ಕಾಣುತ್ತದೆ? ಹತ್ತು ಜನರ ಮುಂದೆ ಜಂಬಕ್ಕೆ ಏನೋ ಹೇಳಿರುತ್ತಾನೆ. ಚಿಕ್ಕಂದಿನಲ್ಲೂ ಹಾಗೇ ಇದ್ದ. ನಿನ್ನಿಂದ ಏನೂ ಆಗಲಿಲ್ಲ. ಹೆದರಿಸು ಎಂದು ಬರೆದವಳು ನಾನು, ಹೊರುವುದಿದ್ದರೆ ನಾನು ಹೊರುತ್ತೇನೆ.

ರಾತ್ರಿ ಸರಿಯಾಗಿ ನಿದ್ದೆ ಮಾಡು. ಕಾಫಿ ಇನ್ನೂ ಕಳಿಸುತ್ತೇನೆ. ಕಾಗದಪತ್ರ ಸಿಗುವ ಹಾಗಿದೆ ಎನ್ನುತ್ತಾರೆ. ಸಿಕ್ಕಿದರೆ ಮೊದಲ ಬಸ್ಸಿಗೆ ಬರುತ್ತೇನೆ.

ನಿನ್ನ,
ನೆವೆನಾ

*

ವರ್ಬಾ ದೋಲ್
11 ಅಕ್ಟೋಬರ್ 1998

ಮಗಳೇ,

ಕಾಗದ ಸೇರಿತು. ನೀನು ಹುಟ್ಟಿದಾಗಿನಿಂದ ನನಗೆ ಬಯ್ಯದೆ ಒಂದು ಮಾತು ಮುಗಿಸಿದವಳಲ್ಲ. ಇದರಲ್ಲಿ ಒಂದು ಬೈಗುಳವೂ ಇಲ್ಲ. ಹುಡುಕಿದೆ.

ಜುಲೈಯಲ್ಲಿ ಅವನು ನನ್ನ ಹತ್ತಿರ ಲಕೋಟೆ ಇಸಕೊಂಡಿದ್ದ. "ಅಕ್ಕನಿಗೆ ಒಂದು ನಗೆಯ ಸುದ್ದಿ ಬರೀಬೇಕು" ಅಂದಿದ್ದ. ಡ್ರಾಯರಿನಿಂದ ತೆಗೆದು ಕೊಟ್ಟವಳು ನಾನೇ. ಅಂಟಿಸುವಾಗ ನಗುತ್ತಿದ್ದ. ಹೋದ ಸಲ ನಿನಗೆ ಬರೆಯುವಾಗ ಇದು ನನಗೆ ಗೊತ್ತಿತ್ತು. ಆದರೂ ಕೇಳಿದೆ. ಒಂದು ವೇಳೆ ಬೇರೆ ಯಾವುದೋ ನಗೆಯ ಸುದ್ದಿ ಇದ್ದೀತು ಎಂಬ ಆಸೆ.

ಆ ಕಾಗದವನ್ನು ನನಗೆ ಕಳಿಸಬೇಡ. ಹರಿಯಲೂ ಬೇಡ, ಅವನ ಅಕ್ಷರ ಅದು.

ಪರ್ವಾನ್‌ನವರು ಈಗ ಹೊಲದ ಇನ್ನೊಂದು ಕಡೆ ತೋಡುತ್ತಿದ್ದಾರೆ. ಬೇರೆ ಊರಿನವರೂ ಬಂದಿದ್ದಾರೆ. ಒಳ್ಳೆಯ ಜಾಗವಂತೆ, ಬಲಿ ತೆಗೆದುಕೊಂಡ ಜಾಗ. ಲ್ಯುಬೆನ್ ಹೆಸರಿಟ್ಟೇ ಕರೆಯುತ್ತಾರೆ. ಮೊಳೆಗಳನ್ನು ನಿನ್ನಪ್ಪನ ಚಮಚದ ಜೊತೆ ಇಟ್ಟಿದ್ದೇನೆ. ನಾನು ಈಗ ಆ ಚಪ್ಪಲಿ ಹಾಕುವುದಿಲ್ಲ, ಬೇಸರ ಮಾಡಿಕೊಳ್ಳಬೇಡ. ಎರಡು ಜೊತೆ ಕಾಲುಚೀಲ ಹಾಕಿಕೊಳ್ಳುತ್ತೇನೆ. ಆ ಕಾಲು ನನ್ನ ಕಣ್ಣಿಗೆ ಬೀಳಬಾರದು.

ನೀನು ಯಾವಾಗ ಬರುತ್ತೀಯೋ ಬಾ. ಬರಲಾಗದಿದ್ದರೆ ಕಾಗದ ಬರೆ. ಹವೆ ಹೇಗಿದೆ ಬರೆ, ನಿನ್ನ ಆ ಮುದುಕಿ ಏನು ತಿಂದಳು ಬರೆ. ಆದರೆ ಪ್ರತಿ ಕಾಗದದಲ್ಲೂ, ಕೊನೆಯಲ್ಲಿ, ಹೋದ ಸಲ ಬರೆದ ಆ ಸಾಲನ್ನು ಮರೆಯದೆ ಬರೆ. ಲ್ಯುಬೆನ್ ನನಗೇನೂ ಬರೆದಿರಲಿಲ್ಲ ಅಂತ. ನಾನು ದಿನಾ ಮಲಗುವ ಮುಂಚೆ ಓದಿಕೊಳ್ಳುತ್ತೇನೆ.

ನಿನ್ನ ಅಮ್ಮ,
ವೆಲಿಕಾ